ಬಿಳಿ ವ್ಯಾನೂ ಬಿಸ್ಕತ್ತಮ್ಮನೂ

ನನ್ನೊಂದಿಗೇ ಇದ್ದ ತಂಗಿ ತೀರಿಕೊಂಡ ಸುದ್ದಿ ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಬಂತು. ಮಧ್ಯಾಹ್ನ ಬಿಳಿ ವ್ಯಾನೊಂದು ಅವಳನ್ನು ಬಾಗಿಲಿಗೆ ತಂದಿತು. "ಅಣ್ಣಾ, ನಾಯೀನ ಎಲ್ಲಿಗೂ ಕಳಿಸ್ಬೇಡ" ಎಂದು ಹಿಂದಿನ ದಿನವಷ್ಟೇ ಹೇಳಿದ್ದಳು. ಆ ವ್ಯಾನು ಬಂದ ದಿನದಿಂದ ಅವಳ ನಾಯಿ ಕಿಟಕಿಯಲ್ಲಿ ಕುಳಿತು ಬೊಗಳತೊಡಗಿತು. ತಿಂಗಳೊಳಗೆ ಬೊಗಳುವುದು ನಿಲ್ಲದಿದ್ದರೆ ನಾಯಿಯನ್ನು ಸಾಗಿಸತಕ್ಕದ್ದು ಎಂದು ಕಟ್ಟಡದ ಸಂಘದಿಂದ ಚೀಟಿ ಬಂತು.

ನಾನು ಕರೆಸಿದ ಬಿಸ್ಕತ್ತಮ್ಮ ಬರುವುದು ಬೆಳಿಗ್ಗೆ ಆರಕ್ಕೆ. ಜೇಬಿನಲ್ಲಿ ಸದಾ ಬಿಸ್ಕತ್ತಿನ ಚೂರು ಇರುವುದರಿಂದ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಇಪ್ಪತ್ತೆರಡು ವರ್ಷ ಮನೆಮನೆಗೆ ಅಂಚೆ ಕಾಗದ ಹಂಚಿದವರು; ಕಾಲಿನಲ್ಲಿ ಮೂರು ನಾಯಿ ಕಡಿತದ ಗುರುತು. "ಬೊಗಳಿಸ್ಕೊಂಡೇ ಹೊಟ್ಟೆ ಹೊರೆದವಳು ನಾನು" ಎಂದು ನಗುತ್ತಾರೆ. ಈಗ ಬೊಗಳುವ ನಾಯಿಗಳನ್ನು ಸಮಾಧಾನಪಡಿಸುವುದೇ ಕಸುಬು. ಒಂಬತ್ತರೊಳಗೆ ನಾಲ್ಕು ಮನೆ.

ಮೊದಲ ದಿನ ಆಕೆ ನಾಯಿಯನ್ನು ಮುಟ್ಟುವುದಿಲ್ಲ. ಅದು ಬೊಗಳುತ್ತದೆ, ನಾನು "ಸುಮ್ನಿರು!" ಎಂದು ಗದರಿ ಪರದೆ ಎಳೆಯುತ್ತೇನೆ.

"ಅಜ್ಜಾರೇ, ಈಗ ಬೊಗಳಿದ್ದು ಇಬ್ರು. ನೀವೂ ಸೇರ್ಕೊಂಡ್ರಿ ಅಂತ ಅದಕ್ಕೆ ಬಲ ಬಂತು."

"ಮತ್ತೇನು, ಮುದ್ದು ಮಾಡ್ಲಾ?"

"ಬೇಡ. ಏನು ನೋಡಿ ಬೊಗಳ್ತು, ಹೇಳಿ."

"ಎಲ್ಲಾನೂ ನೋಡಿ."

"ಎಲ್ಲಾ ಅಲ್ಲ. ಸೈಕಲ್ಲು ಹೋಯ್ತು, ಸುಮ್ನಿತ್ತು. ಹಾಲಿನ ವ್ಯಾನು ಬಂತು ನೋಡಿ, ಬಿಳೀದು."

ಎಳೆದ ಪರದೆಯನ್ನು ನಾನೇ ಸರಿಸುತ್ತೇನೆ.

ಮರುದಿನದಿಂದ ಪರದೆ ತೆರೆದೇ ಇರುತ್ತದೆ. ವ್ಯಾನು ಅಂಗೈಯಷ್ಟೇ ಕಾಣುವ ದೂರದಲ್ಲಿ ಆಕೆ ನಾಯಿಯೊಂದಿಗೆ ನಿಲ್ಲುತ್ತಾರೆ. ಕಿವಿ ನಿಮಿರಿದೊಡನೆ, ಬಾಯಿ ತೆರೆಯುವ ಮುನ್ನ, ಒಂದು ಚೂರು. "ಬೊಗಳಿದ ಮೇಲೆ ಕೊಟ್ರೆ ಬೊಗಳಿದ್ದಕ್ಕೆ ಕೂಲಿ ಕೊಟ್ಟ ಹಾಗೆ." ದಿನಕ್ಕೆ ಹತ್ತು ಹೆಜ್ಜೆ ಮುಂದೆ. ಹನ್ನೊಂದನೆಯ ದಿನ ನಾನು ಆತುರಪಟ್ಟು ಒಮ್ಮೆಲೇ ನಲವತ್ತು ಹೆಜ್ಜೆ ನಡೆಸುತ್ತೇನೆ. ಬೊಗಳಿದ ಸದ್ದಿಗೆ ಇಡೀ ಬೀದಿ ಎದ್ದು ಕೂರುತ್ತದೆ. ಆಕೆ ಬೈಯುವುದಿಲ್ಲ. "ಮತ್ತೆ ಮೊದ್ಲಿಂದ. ನಿಮಗೂ ಒಂದು ಚೂರು ಕೊಡ್ಲಾ?"

ಗಡುವಿಗೆ ಎರಡು ದಿನವಿರುವಾಗ ವ್ಯಾನು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ನಾಯಿ ಅದನ್ನು ನೋಡುತ್ತದೆ. ಆಮೇಲೆ ತಿರುಗಿ ನನ್ನ ಮುಖ ನೋಡುತ್ತದೆ. ನನ್ನ ಕೈಯಿಂದ ಚೂರು ಜಾರಿ ನೆಲಕ್ಕೆ ಬೀಳುತ್ತದೆ. ನಾಯಿ ಬೊಗಳದೆ ಅದನ್ನು ಎತ್ತಿಕೊಂಡು ತಿನ್ನುತ್ತದೆ.

ಸಂಘದವರು ಚೀಟಿ ಹಿಂದಕ್ಕೆ ಪಡೆದಿದ್ದಾರೆ. ಬಿಸ್ಕತ್ತಮ್ಮನಿಗೆ ಹೊಗಳಿಕೆ ಬೇಕಿಲ್ಲ. "ಹೋದ ಮನೇಲಿ ಇನ್ಮೇಲೆ ನನ್ನ ಅಗತ್ಯ ಇರಬಾರ್ದು, ಅಷ್ಟೇ ನನ್ನ ಆಸೆ."

ನಾಯಿ ನನ್ನ ಕಾಲ ಬಳಿ ಮಲಗಿದೆ. ಭಗವಂತಾ, ತಂಗಿಯ ಜೀವ ಇನ್ನೂ ಇತ್ತ ತಿರುಗಿ ನೋಡುತ್ತಿದ್ದರೆ, ಇಲ್ಲಿ ಎಲ್ಲ ಸರಿಯಿದೆ ಎಂದು ಅವಳಿಗೆ ಹೇಳು. ನಿನ್ನ ನೆರಳಿನಲ್ಲಿ ಅವಳನ್ನು ತಣ್ಣಗೆ ಇರಿಸಿಕೋ.