ಮನೆಮನೆಗೂ ಒಂದು ಸಾವು

ಚಳ್ಳಕೆರೆ ಬಸ್ ನಿಲ್ದಾಣ ಬಿಟ್ಟಾಗ ಇನ್ನೂ ಎಂಟು ಗಂಟೆಯಾಗಿರಲಿಲ್ಲ, ಬಿಸಿಲು ಮಾತ್ರ ಆಗಲೇ ಚುರುಗುಟ್ಟುತ್ತಿತ್ತು. ಮೊಳಕಾಲ್ಮೂರು ಕಡೆಯ ಬಸ್ಸಿನಲ್ಲಿ ನಾನೂ ನನ್ನ ಸಹಪಾಠಿ ಶಬಾನಾಳೂ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡೆವು. ಸಂಖ್ಯಾಶಾಸ್ತ್ರ ತರಗತಿಯ ಗುಂಪು ಪ್ರಾಜೆಕ್ಟಿಗಾಗಿ ಕುಡಿಯುವ ನೀರು, ಆರೋಗ್ಯದ ಬಗ್ಗೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕಿತ್ತು. ಗುಂಪಿನ ಮೂರನೆಯವನು ಓಬಳೇಶ. ಅವನು ಬರಲಿಲ್ಲ.

ಬರುವುದಾದರೂ ಯಾಕೆ? ಮನೆಯ ಹಿರಿಯರು ತೀರಿಕೊಂಡರೆಂದು ಹೇಳಿ ಅವನು ಬಹಳ ದಿನ ಕಾಲೇಜು ತಪ್ಪಿಸಿದ್ದ. ಆಮೇಲೆ ಅವನ ಅಪ್ಪ, ಅವ್ವ, ಅಜ್ಜಿ ಎಲ್ಲರೂ ಚಳ್ಳಕೆರೆ ಸಂತೆಯಲ್ಲಿ ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದದ್ದು ಯಾರದೋ ಕಣ್ಣಿಗೆ ಬಿತ್ತು. "ಸತ್ತೋರು ಯಾರಪ್ಪಾ?" ಎಂದು ಮೇಷ್ಟ್ರು ಕೇಳಿದರೆ ಈ ಪುಣ್ಯಾತ್ಮ ತುಟಿ ಪಿಟಕ್ಕೆನ್ನಲಿಲ್ಲ. ಸುಳ್ಳು ಹೇಳಿದವನಿಗೆ ಹಾಜರಾತಿ ಇಲ್ಲ, ಪರೀಕ್ಷೆಗೂ ಕೂರಿಸುವುದಿಲ್ಲ ಎಂದುಬಿಟ್ಟರು. ಒಂದು ವರ್ಷ ನೀರುಪಾಲಾದಂತೆಯೇ.

ಊರು ಆರಿಸಲು ಚೀಟಿ ಎತ್ತಿದಾಗ ಬಂದದ್ದು ಅವನದೇ ಹಟ್ಟಿ. "ಬ್ಯಾರೆ ಚೀಟಿ ಎತ್ತೇ ಮಂಜುಳಾ," ಎಂದು ಗೋಗರೆದ. "ಬೇಕಾದ ಊರು ಆರಿಸ್ಕೊಳೋದಾದ್ರೆ ಚೀಟಿ ಯಾಕೋ?" ಎಂದು ಗದರಿದೆ.

ಕೊಂಡ್ಲಹಳ್ಳಿಯಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಹಟ್ಟಿಗೆ ಬಸ್ಸಿಲ್ಲ. ಆಟೋದವನು ನೂರು ರೂಪಾಯಿ ಕೇಳಿ ಎಂಬತ್ತಕ್ಕೆ ಒಪ್ಪಿದ. ಶೇಂಗಾ ಹೊಲಗಳ ನಡುವಿನ ಮಣ್ಣು ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂದು ಒಂದಷ್ಟು ಹೊತ್ತು ನಿಂತೆವು.

ಮೊದಲ ಮನೆಯ ಹೆಂಗಸು ಚೊಂಬಿನಲ್ಲಿ ನೀರು ಕೊಟ್ಟಳು. ಗಟಗಟ ಕುಡಿದು ಪ್ರಶ್ನೆ ಶುರು ಮಾಡಿದೆ. ಈ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡರಾ?

"ಹೂಂ ಕಣವ್ವ. ದೊಡ್ಡೋರು ಹೋದ್ರು."

"ಏನಾಗಿತ್ತು?"

"ಹೊಟ್ಟೆ ಉಬ್ಬರಿಸಿ ಹೋದ್ರು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಕ್ಕದ ಮನೆಯಲ್ಲೂ ನೀರು ಕೊಟ್ಟರು. ಅಲ್ಲಿಯೂ ಸಾವು, ಅಲ್ಲಿಯೂ ಹೊಟ್ಟೆ ಉಬ್ಬರ. ಅದರಾಚೆಯ ಮನೆಗಳಲ್ಲೂ ಅದೇ. ಇಡೀ ಹಟ್ಟಿಯಲ್ಲಿ ಸಾವಿಲ್ಲದ ಮನೆಯೇ ಇಲ್ಲ, ಇದು ಯಾವ ಪತ್ರಿಕೆಯಲ್ಲೂ ಬಂದಿಲ್ಲ! "ಯಾ ಅಲ್ಲಾ, ನಾವೂ ಅದೇ ನೀರು ಕುಡಿದ್ವಲ್ಲೇ," ಎಂದಳು ಶಬಾನಾ. ಹೊಟ್ಟೆ ಉಬ್ಬಿದೆಯಾ ಎಂದು ಮುಟ್ಟಿ ನೋಡಿಕೊಂಡೆ. ಮೊಳಕಾಲ್ಮೂರು ಆಸ್ಪತ್ರೆಗೆ ಓಡಿಬಿಡೋಣವೆಂದುಕೊಂಡೆ.

ಕೊನೆಯ ಮನೆ ಓಬಳೇಶನದು. ಅಜ್ಜಿ ಒಬ್ಬಳೇ ಇದ್ದಳು. "ರಾ ತಲ್ಲಿ, ಬಾ ತಾಯಿ, ಕುಂತ್ಕ," ಎಂದು ತೆಲುಗು ಬೆರೆಸಿ ಕರೆದಳು. ಈ ಹಟ್ಟಿಯಲ್ಲಿ ಇಷ್ಟೊಂದು ಜನ ಸತ್ತದ್ದು ಹೇಗೆ ಎಂದು ನಾನು ನೇರವಾಗಿಯೇ ಕೇಳಿದೆ.

"ಇಷ್ಟೊಂದು ಎಲ್ಲವ್ವಾ? ಒಬ್ರೇ!"

ಕೈ ಹಿಡಿದು ಹಟ್ಟಿಯ ಹಿಂದಕ್ಕೆ ಕರೆದೊಯ್ದಳು. ಹೊಸ ಮಣ್ಣಿನ ದೊಡ್ಡ ದಿಬ್ಬ, ಮೇಲೆ ಒಣಗಿದ ಹೂವು. "ಇವ್ರೇ. ದೇವ್ರ ಎತ್ತು. ದುಡಿಸಂಗಿಲ್ಲ, ಮಾರಂಗಿಲ್ಲ. ಎಲ್ಲಾರ ಮನೆಗೂ ಹಿರೇರು. ಮಣ್ಣಾಗೋ ಗಂಟ ಯಾರೂ ಒಲೆ ಹಚ್ಚಲಿಲ್ಲ. ನಮ್ದು ಅವ್ರನ್ನ ಕಾಯೋ ಮನೆ, ತಿಥಿ ಆಗೋ ಗಂಟ ಹಟ್ಟಿ ದಾಟಂಗಿಲ್ಲ."

ಮನೆಮನೆಯಲ್ಲೂ ಕೇಳಿದ್ದು ಒಂದೇ ಸಾವು.

"ನಿಮ್ ಮೇಷ್ಟ್ರು ಬಲೇ ಒಳ್ಳೇರು ಕಣವ್ವ," ಎಂದಳು ಅಜ್ಜಿ. "ನಮ್ ಹುಡುಗಂಗೆ ಅಷ್ಟು ದಿನ ರಜ ಕೊಟ್ರಂತೆ. ಈ ಕಾಲದಾಗೆ ಯಾರು ಕೊಡ್ತಾರೆ? ದೊಡ್ಡೋರಿಗೆ ದೀಪ ಹಚ್ಚಿದಾಗೆಲ್ಲ ಅವ್ರನ್ನೂ ನೆನಸ್ತೀನಿ." ಹೊರಡುವಾಗ ಒಂದು ಚೀಲ ಶೇಂಗಾ ಕೊಟ್ಟು, ಮೇಷ್ಟ್ರ ಕೈಗೇ ಮುಟ್ಟಿಸಬೇಕೆಂದು ಮಾತು ತೆಗೆದುಕೊಂಡಳು. ರಜ ಸಿಕ್ಕಿಲ್ಲ, ಮೊಮ್ಮಗನ ವರ್ಷವೇ ಹೋಗುತ್ತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಟೋ ಹತ್ತಿದ ಕೂಡಲೇ ಓಬಳೇಶನಿಗೆ ಫೋನ್ ಮಾಡಿದೆ. ಸಿಟ್ಟು ನೆತ್ತಿಗೇರಿತ್ತು. "ಲೋ, ಇದನ್ನ ಹೇಳೋಕೆ ನಿಂಗೇನು ಧಾಡಿಯಾಗಿತ್ತು?"

"ಎತ್ತು ಸತ್ತೈತೆ ಅಂದಿದ್ರೆ ಕ್ಲಾಸೆಲ್ಲ ನಗ್ತಿತ್ತು ಮಂಜುಳಾ. ನನ್ನ ನೋಡಿ ನಕ್ರೆ ನಗ್ಲಿ. ಅವ್ರನ್ನ ನೋಡಿ ನಗಬಾರ್ದು."

ಅದಕ್ಕೊಂದು ವರ್ಷ ಕಳೆದುಕೊಳ್ಳಲು ಸಿದ್ಧನಾಗಿದ್ದನಲ್ಲ, ಹುಚ್ಚುಮುಂಡೇದು! ನನಗೆ ಅಳು ಬಂತು. ಚಳ್ಳಕೆರೆ ಬರುವವರೆಗೂ ಶೇಂಗಾ ಚೀಲ ನನ್ನ ತೊಡೆಯ ಮೇಲೇ ಇತ್ತು.

ಬಸ್ಸಿಳಿದವರು ಮನೆಗೆ ಹೋಗಲಿಲ್ಲ, ಸೀದಾ ಮೇಷ್ಟ್ರ ಮನೆಗೇ ಹೋದೆವು. ಬಾಗಿಲು ತೆರೆದವರೇ, "ಏನ್ರಮ್ಮಾ, ಕೆಲಸ ಆಯ್ತಾ?" ಎಂದರು.

ಚೀಲ ಅವರ ಕೈಗಿಟ್ಟೆ. "ಓಬಳೇಶನ ಅಜ್ಜಿ ಕಳ್ಸಿದ್ದು ಸಾರ್. ನೀವು ಸಾವಿಗೆ ರಜ ಕೊಟ್ರಿ ಅಂತ."

ಮೇಷ್ಟ್ರ ಮುಖ ಬಿಗಿದುಕೊಂಡಿತು. "ಯಾರ ಸಾವು?"

ಹೊಸಿಲಲ್ಲೇ ನಿಂತು ಎಲ್ಲ ಹೇಳಿದೆವು, ದೀಪ ಹಚ್ಚುವಾಗ ಅಜ್ಜಿ ಅವರನ್ನು ನೆನೆಸುವುದನ್ನೂ. ಅವರು ನಗಲಿಲ್ಲ. ಚೀಲವನ್ನು ಕೆಳಗಿಡಲೂ ಇಲ್ಲ.

"ಓಬಳೇಶನಿಗೆ ಫೋನ್ ಹಚ್ಚಮ್ಮಾ," ಎಂದರು. "ನಾನೇ ಮಾತಾಡ್ತೀನಿ."