ಕೇಳಿ ಎಳೆದ ಕೈ

ಸರಕು ವಿಮಾನದ ಕಂಪನಿಗೆ ಹೊಸದಾಗಿ ಸೇರಿದವರಿಗೆ ತರಬೇತಿಯ ಮೊದಲ ದಿನವೇ ಒಬ್ಬ ಜೊತೆಗಾರನನ್ನು ಗಂಟು ಹಾಕುತ್ತಾರೆ. ಆಮೇಲೆ ಒಂಬತ್ತು ವಾರ ಅವನ ಜೊತೆಗೇ ಪಾಠ, ಅವನ ಜೊತೆಗೇ ಊಟ, ಅವನ ಜೊತೆಗೇ ಪರೀಕ್ಷೆ. ಅವನು ಮುಗ್ಗರಿಸಿದರೆ ನೀವೂ ಮುಗ್ಗರಿಸುತ್ತೀರಿ. ಹೆಂಡತಿಯನ್ನಾದರೂ ಒಮ್ಮೆ ನೋಡಿ ಒಪ್ಪಬಹುದು, ಇಲ್ಲಿ ಅದೂ ಇಲ್ಲ. ತರಬೇತಿ ನಡೆದ ಅಮ್ಮಾನ್ ನಗರದಲ್ಲಿ ನನ್ನ ಪಾಲಿಗೆ ಬಂದವರು ಬಾಬಿಕಿರ್ ಹಮದ್. ಸುಡಾನಿನವರು, ನಲವತ್ತಾರು ವಯಸ್ಸು, ಜಜೀರಾದ ಹತ್ತಿ ಹೊಲಗಳ ಮೇಲೆ ಇಪ್ಪತ್ತು ವರ್ಷ ಔಷಧ ಸಿಂಪಡಿಸಿದ ಪೈಲಟ್. ನಾನು ವಗ್ದಿ, ಈಜಿಪ್ಟಿನ ದಮನ್ಹೂರಿನವನು, ಆಗ ನನಗೆ ಇಪ್ಪತ್ತೇಳು. ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ ಅವರ ಹೆಸರು ಕಂಡಾಗ ನನ್ನ ಹಣೆಬರಹವನ್ನು ಬೈದುಕೊಂಡೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮುಂದೆ ಮಾಡಿದ್ದಕ್ಕೆ ನಾಚಿಕೆ ಎಂಬ ಮಾತು ಸಾಲದು.

ಬಾಬಿಕಿರಣ್ಣ ತುಂಬಾ ಎತ್ತರದ ಆಳು. ತರಗತಿಯ ಬೆಂಚಿನಲ್ಲಿ ಅವರ ಮಂಡಿ ಹಿಡಿಸುತ್ತಿರಲಿಲ್ಲ. ಹೋಟೆಲಿನ ಬಾಗಿಲು ದಾಟಿದ ಕೂಡಲೇ ಎದುರಿನ ಕಬಾಬ್ ಅಂಗಡಿಯ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡುವರು, ಗಾಳಿಯ ಲೆಕ್ಕಕ್ಕೆ. ಅವರ ಹಳೆಯ ವಿಮಾನದಲ್ಲಿ ಇದ್ದದ್ದು ಒಂದೇ ಸೀಟು. ಹತ್ತಿಯ ಹುಳುವಿಗೆ ಬೆಳಗ್ಗೆ ಹಾರುತ್ತಿದ್ದರು. ಜೋಳ ತಿನ್ನುವ ಕೆಂಪು ಕೊಕ್ಕಿನ ಹಕ್ಕಿಗಳಿಗೆ ಸಂಜೆ, ಅವು ಮರಕ್ಕೆ ಮರಳುವ ಹೊತ್ತಿಗೆ. ನೆಲದಿಂದ ಮೂರು ಆಳೆತ್ತರದಲ್ಲಿ ಹಾರುವವನಿಗೆ ಏನಾದರೂ ಕೆಟ್ಟರೆ ಯೋಚಿಸಲು ಹೊತ್ತಿರುವುದಿಲ್ಲ. ಕೈಯೇ ಯೋಚಿಸಬೇಕು. ಅವರ ಕೈ ಚೆನ್ನಾಗಿಯೇ ಯೋಚಿಸುತ್ತಿತ್ತು, ಇಲ್ಲದಿದ್ದರೆ ಅವರು ನಲವತ್ತಾರು ಮುಟ್ಟುತ್ತಿರಲಿಲ್ಲ.

ಯುದ್ಧ ಅವರ ಊರು ವದ್ ಮದನಿಗೆ ಬಂದಾಗ ವಿಮಾನ ನಿಂತಲ್ಲೇ ಸುಟ್ಟುಹೋಯಿತು. ಹೆಂಡತಿ ಇಖ್ಲಾಸ್ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಲಾರಿಯಲ್ಲಿ ಕೂರಿಸಿಕೊಂಡು ಕೈರೋ ಸೇರಿದರು. ಫೈಸಲ್ ಬೀದಿಯಲ್ಲಿ ಒಂದು ಕೋಣೆ. ದೊಡ್ಡ ಮಗಳು ರೌದಾಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ, ಕಾಗದ ಸರಿಯಿಲ್ಲ ಎಂದರು. ಎರಡು ಎಂಜಿನ್ನಿನ ವಿಮಾನ ಹಾರಿಸುವ ಲೈಸೆನ್ಸನ್ನು ಬಾಬಿಕಿರಣ್ಣ ಎಂದೋ ಪಡೆದು ಪೆಟ್ಟಿಗೆಯಲ್ಲಿಟ್ಟಿದ್ದರು. ಅದನ್ನು ಹಿಡಿದು ಎಲ್ಲ ಕಂಪನಿಗಳ ಬಾಗಿಲು ತಟ್ಟಿದರು. ತೆರೆದದ್ದು ಇದೊಂದೇ. ತರಬೇತಿ ಪಾಸಾದರೆ ಶಾರ್ಜಾದಲ್ಲಿ ಕೆಲಸ, ಹೆಂಡತಿ ಮಕ್ಕಳಿಗೂ ಅಲ್ಲಿರಲು ಪರವಾನಗಿ, ರೌದಾಳಿಗೆ ಶಾಲೆ. ನಪಾಸಾದರೆ ಈ ವಯಸ್ಸಿನಲ್ಲಿ ಇನ್ನೊಬ್ಬರು ಕರೆಯುವುದಿಲ್ಲ. ಇದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದರು, ಅದೂ ಸ್ನಾನದ ಮನೆಯ ತೊಟ್ಟಿಯಲ್ಲಿ ಅಂಗಿ ತುಳಿಯುತ್ತಾ.

ಮೊದಲ ಮೂರು ವಾರ ಪುಸ್ತಕ. ಬದುಕಿರುವ ಕೋಳಿಮರಿಗಳ ಪೆಟ್ಟಿಗೆಯ ಪಕ್ಕದಲ್ಲಿ ಏನಿಡಬಾರದು, ಕುದುರೆ ಬೆದರಿದರೆ ಏನು ಮಾಡಬೇಕು, ಹೊಗೆಯಾಡುವ ಬ್ಯಾಟರಿ ಯಾವುದು. ಅವರು ಇಡೀ ಪುಟಗಳನ್ನು ಬಾಯಿಪಾಠ ಮಾಡಿದರು, ನನಗಿಂತ ಹೆಚ್ಚು ಅಂಕ ಬಂತು. ಸಂಜೆ ಹೋಟೆಲಿನ ಕೋಣೆಯಲ್ಲಿ ಕಾಗದದ ವಿಮಾನ. ಎಂದರೆ ವಿಮಾನದ ಮುಂಭಾಗದ ಗುಂಡಿ, ಹಿಡಿಕೆಗಳೆಲ್ಲ ಅಚ್ಚಾದ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿ, ಎದುರು ಎರಡು ಕುರ್ಚಿ ಹಾಕಿಕೊಂಡು ಹಾರುವುದು. ಎಲ್ಲ ತರಬೇತಿಯವರೂ ಹೀಗೇ ಮಾಡುತ್ತಾರೆ. ಕೋಣೆ ಗುಡಿಸುವವಳು ನಮ್ಮನ್ನು ನೋಡಿ ಬಾಗಿಲು ಮೆಲ್ಲಗೆ ಮುಂದೆಳೆದು ಹೋಗುತ್ತಿದ್ದಳು. ಹಾಳೆಯ ಬಲಭಾಗ ಬೀರುವಿನ ಹಿಂದೆ ಮಡಚಿಹೋಗಿತ್ತು. ಹಾಗಾಗಿ ಅಭ್ಯಾಸಕ್ಕೆಂದು ನಾವು ಬೆಂಕಿ ಹಚ್ಚಿದ್ದೆಲ್ಲ ಎಡ ಎಂಜಿನ್ನಿಗೆ, ಒಂದನೆಯದಕ್ಕೆ.

ನಾಲ್ಕನೆಯ ವಾರ ಸಿಮ್ಯುಲೇಟರ್ ಹತ್ತಿದೆವು, ನೆಲದ ಮೇಲೇ ನಿಂತು ಹಾರಿದಂತೆ ಮಾಡುವ ಯಂತ್ರ. ಅಲ್ಲಿ ಬಾಬಿಕಿರಣ್ಣನ ಕೈಯೇ ಅವರಿಗೆ ಶತ್ರುವಾಯಿತು.

ಈ ಕೆಲಸದಲ್ಲಿ ಒಂದು ಕ್ರಮವಿದೆ. ಒಂದು ಎಂಜಿನ್ನಿಗೆ ಬೆಂಕಿ ಬಿತ್ತು ಎನ್ನಿ. ಒಬ್ಬ ವಿಮಾನವನ್ನು ನೇರ ಹಿಡಿದಿರುತ್ತಾನೆ. ಇನ್ನೊಬ್ಬ ಆ ಎಂಜಿನ್ನಿನ ಇಂಧನ ನಿಲ್ಲಿಸುವ ಹಿಡಿಕೆಯ ಮೇಲೆ ಕೈಯಿಟ್ಟು, ‘ಒಂದು?’ ಅಥವಾ ‘ಎರಡು?’ ಎಂದು ಕೇಳಿ, ಕಾಯಬೇಕು. ಹಾರಿಸುವವನು ಅತ್ತ ತಿರುಗಿ, ಕೈ ಎಲ್ಲಿದೆಯೆಂದು ಕಣ್ಣಾರೆ ನೋಡಿ, ‘ಸರಿ’ ಎನ್ನಬೇಕು. ಆಮೇಲೆಯೇ ಎಳೆಯುವುದು. ತಪ್ಪು ಹಿಡಿಕೆ ಎಳೆದರೆ ಚೆನ್ನಾಗಿರುವ ಎಂಜಿನ್ ಸಾಯುತ್ತದೆ. ಬಾಬಿಕಿರಣ್ಣ ಕೇಳುತ್ತಿರಲಿಲ್ಲ. ಬೆಂಕಿಯ ಗಂಟೆ ಹೊಡೆದು ಮುಗಿಯುವುದರೊಳಗೆ ಎಳೆದಾಗಿರುತ್ತಿತ್ತು. ಎಳೆದದ್ದು ಪ್ರತಿ ಸಲವೂ ಸರಿಯಾದ ಹಿಡಿಕೆಯೇ, ಆದರೂ ಅದು ತಪ್ಪು.

ನಮಗೆ ಕಲಿಸುತ್ತಿದ್ದ ಕ್ಯಾಪ್ಟನ್ ಗಾಲಿಬ್, ಸಾಲ್ಟ್ ಎಂಬ ಊರಿನವರು, ನಾಲಿಗೆ ಹರಿತ. ಸಿಮ್ಯುಲೇಟರ್ ನಿಲ್ಲಿಸಿ, ಹತ್ತಿಗೆ ಔಷಧ ಹೊಡೆಯುವುದು ಮುಗಿಯಿತೇ ಎಂದು ವಿಚಾರಿಸಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಅವರನ್ನು ಕೇಳಿದರು:

“ನಿಮ್ಮ ಪಕ್ಕದಲ್ಲಿ ಕೂತಿರೋದು ಮನುಷ್ಯನಾ, ಗೋಣಿಚೀಲನಾ?”

“ಮನುಷ್ಯ, ಕ್ಯಾಪ್ಟನ್.”

“ಹಾಗಾದ್ರೆ ಕೇಳಿ. ಗೋಣಿಚೀಲ ಹಿಂದೆ ಬೇಕಾದಷ್ಟಿದೆ.”

ಸಿಮ್ಯುಲೇಟರಿನ ನಾಲ್ಕನೆಯ ಪಾಠದಲ್ಲೂ ಅದೇ ಆಯಿತು, ಐದರಲ್ಲೂ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾಲಿಬ್ ಕೈಚೆಲ್ಲಿ ನಪಾಸು ಬರೆದರು. ಕಂಪನಿ ಹೆಚ್ಚಿನ ಒಂದು ಪಾಠ ಕೊಟ್ಟಿತು, ಜೊತೆಗೆ ಎಚ್ಚರಿಕೆಯ ಪತ್ರ. ಇನ್ನೊಂದು ನಪಾಸಾದರೆ ಮನೆಗೆ. ಜೊತೆಗಾರನಾದ್ದರಿಂದ ನಾನೂ ಆ ಹೆಚ್ಚಿನ ಪಾಠಕ್ಕೆ ಕೂರಬೇಕಾಯಿತು. ಅವತ್ತು ಬಸ್ಸಿನಲ್ಲಿ ಅವರ ಮುಖವನ್ನೂ ನೋಡದೆ ಕಿಟಕಿಯ ಕಡೆ ತಿರುಗಿ ಕೂತೆ. ಹೋಟೆಲ್ ಬಂದಾಗ ಅವರೇ ಮಾತಾಡಿದರು.

“ಇಪ್ಪತ್ತು ವರ್ಷ ಒಬ್ಬನೇ ಕೂತಿದ್ದೆ ತಮ್ಮಾ. ಯಾರನ್ನ ಕೇಳ್ಲಿ? ಹಕ್ಕಿಗಳನ್ನಾ? ಬಾಯಿ ತೆರೆಯೋದೇ ಮರೆತುಹೋಗುತ್ತೆ.”

ನನಗೆ ಕರುಣೆ ಹುಟ್ಟಿತು ಎಂದು ಹೇಳಬಹುದು, ಅದರಲ್ಲಿ ಅರ್ಧ ಸುಳ್ಳು. ಅವರು ಹೋದರೆ ನನಗೆ ಹೊಸ ಜೊತೆಗಾರ ಸಿಗುವವರೆಗೆ ವಾರಗಟ್ಟಲೆ ಕಾಯಬೇಕಿತ್ತು. ಅದಕ್ಕೇ ಒಂದು ಉಪಾಯ ಹೂಡಿದೆ. ಅವರು ಎಳೆಯುತ್ತಾ ಎಂಜಿನ್ನಿನ ಸಂಖ್ಯೆ ಗೊಣಗಿದರೆ ಸಾಕು, ಅವರು ಕಾಯಲಿ ಬಿಡಲಿ, ನಾನು ಆ ಕೂಡಲೇ ‘ಸರಿ’ ಎಂದುಬಿಡುವುದು. ಹಿಂದೆ ಕೂತ ಗಾಲಿಬ್‌ಗೆ ಎರಡು ದನಿ ಕೇಳಿದರೆ ಸಾಕಲ್ಲ. ಬಾಬಿಕಿರಣ್ಣನಿಗೆ ಇದು ಹಿಡಿಸಲಿಲ್ಲ. ನೋಡದೆ ಹೇಳಬೇಡ ಎಂದರು. ಮೊದಲು ಈ ಪಾಠ ದಾಟೋಣ, ಆಮೇಲೆ ನೋಡುವುದು ಇದ್ದೇ ಇದೆ ಎಂದೆ. ಉಪಾಯ ಫಲಿಸಿತು. ಹೆಚ್ಚಿನ ಪಾಠ ಪಾಸು, ಆರು ಪಾಸು, ಏಳು ಪಾಸು. ಗಾಲಿಬ್ ನನ್ನ ಬೆನ್ನು ತಟ್ಟಿ, ಮೂಕನನ್ನೂ ಮಾತಾಡಿಸಿದೆ ಎಂದರು.

ವಿಚಿತ್ರವೆಂದರೆ ಬಾಬಿಕಿರಣ್ಣ ನಿಜಕ್ಕೂ ಕಲಿಯುತ್ತಿದ್ದರು. ಸಂಜೆ ಕಾಗದದ ಮುಂದೆ ಕೂತು, ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ‘ಒಂದು?’ ಎಂದು ಕೇಳಿ ಕಾಯುವರು. ಮನೆಗೆ ಫೋನು ಮಾಡಿದಾಗಲೂ, ರೌದಾ ನಕ್ಕಳಂತೆ, ಅಪ್ಪ ಈಗ ಎಲ್ಲದಕ್ಕೂ ಅಪ್ಪಣೆ ಕೇಳುತ್ತಾರೆ ಎಂದು. ಅವರ ಬಾಯಿ ತೆರೆದುಕೊಳ್ಳುತ್ತಿದ್ದಂತೆ ಇತ್ತ ನನ್ನ ಕಣ್ಣು ಮುಚ್ಚಿಹೋಗಿತ್ತು. ‘ಸರಿ’ ಎನ್ನುವುದು ನನಗೆ ಸೀನಿದಷ್ಟು ಸಲೀಸಾಗಿತ್ತು. ಅದು ಆಗ ಗೊತ್ತಾಗಲಿಲ್ಲ.

ಸಿಮ್ಯುಲೇಟರಿನಲ್ಲೇ ನಡೆಯುವ ಕೊನೆಯ ಪರೀಕ್ಷೆಗೆ ಹೊರಗಿನ ಪರೀಕ್ಷಕರೊಬ್ಬರು ಬಂದರು, ಹೆಚ್ಚು ಮಾತಿಲ್ಲದ ಮನುಷ್ಯ. ಬೆಳಗಿನ ಪಾಳಿ. ಅರ್ಧದಲ್ಲಿ ಬಾಬಿಕಿರಣ್ಣ ಹಾರಿಸುವ ಸರದಿ ಮುಗಿಯಿತು, ಇಳಿಸಿದ್ದು ಹೂವಿನಂತೆ. ಆಮೇಲೆ ನನ್ನ ಸರದಿ. ನೆಲ ಬಿಟ್ಟು ಸ್ವಲ್ಪ ಮೇಲೇರಿದ್ದೇ ತಡ, ಗಂಟೆ ಹೊಡೆಯಿತು, ಎರಡನೆಯ ಎಂಜಿನ್ನಿನ ಕೆಂಪು ದೀಪ ಹತ್ತಿತು. ವಿಮಾನ ಬಲಕ್ಕೆ ಜಗ್ಗುತ್ತಿತ್ತು, ನಾನು ಕಾಲೊತ್ತಿ ಹಿಡಿದಿದ್ದೆ. ಬಾಬಿಕಿರಣ್ಣ ಎಲ್ಲವನ್ನೂ ಕ್ರಮವಾಗಿ ಓದಿದರು. ಹಿಡಿಕೆಯ ಸರದಿ ಬಂತು.

“ಎರಡು?” ಎಂದರು.

“ಸರಿ,” ಎಂದೆ.

ಅವರು ಕಾದಿದ್ದರು. ನನ್ನ ಮಾತು ಪೂರ್ತಿ ಕಿವಿಗೆ ಬಿದ್ದ ಮೇಲೆಯೇ ಎಳೆದರು. ಬಾಯಿ ಎರಡು ಎಂದಿತ್ತು, ಕೈ ಮಾತ್ರ ಕಾಗದದ ಮೇಲೆ ವಾರಗಟ್ಟಲೆ ಹೋದ ಜಾಗಕ್ಕೇ ಹೋಗಿ ಒಂದನೆಯದರ ಮೇಲೆ ಕೂತಿತ್ತು. ನಾನು ಒಮ್ಮೆ ತಿರುಗಿದ್ದರೆ ಕಾಣುತ್ತಿತ್ತು. ಕೋಳಿಯಷ್ಟು ಬುದ್ಧಿಯಿದ್ದವನಿಗೂ ಕಾಣುತ್ತಿತ್ತು. ಎಂಜಿನ್ನಿನ ಸದ್ದು ಇಳಿದುಹೋಯಿತು, ಮೌನವಾಯಿತು. ಎದುರಿನ ಗಾಜಿನಲ್ಲಿ ನೆಲ ಮೇಲೆ ಬಂತು, ಚಿತ್ರ ಕೆಂಪಾಗಿ ನಿಂತಿತು.

ಪಕ್ಕದ ಕೋಣೆಯಲ್ಲಿ ಮೇಜಿನ ಸುತ್ತ ಕೂತೆವು. ಬಾಬಿಕಿರಣ್ಣನ ಅಗಲ ಬೆನ್ನು ಅಡ್ಡವಿದ್ದುದರಿಂದ ಪರೀಕ್ಷಕರಿಗೆ ಕೈ ಕಂಡಿರಲಿಲ್ಲ. ಅವರು ನನ್ನನ್ನೇ ಕೇಳಿದರು:

“ಸರಿ ಅಂದಾಗ ಕೈ ಎಲ್ಲಿತ್ತು? ನೋಡಿ ಹೇಳಿದ್ರಾ?”

ನಾನು ಬಾಯಿ ತೆರೆಯುವ ಮುಂಚೆ ಬಾಬಿಕಿರಣ್ಣ ಮಾತಾಡಿದರು.

“ಅವನು ನೋಡಿದಾಗ ಕೈ ಎರಡರ ಮೇಲೇ ಇತ್ತು. ಆಮೇಲೆ ಗಡಿಬಿಡೀಲಿ ನಾನೇ ಒಂದನ್ನ ಎಳೆದುಬಿಟ್ಟೆ. ನನ್ನ ಕೈಯದು ಹಳೇ ರೋಗ. ನಿಮ್ಮ ಮುಂದೆ ಇರೋ ಕಾಗದದಲ್ಲೂ ಬರೆದಿದೆ.”

ಪರೀಕ್ಷಕರು ಕಾಗದ ಮಗುಚಿದರು. ಅಲ್ಲಿ ಬರೆದಿತ್ತು. ನನ್ನ ಕಡೆ ನೋಡಿ, ಹೌದೇ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಒಂದು ತಲೆಯಾಡಿಸುವಿಕೆ, ಅಷ್ಟೇ. ನನಗೆ ಮಾರನೆಯ ದಿನ ಕಂಪನಿಯ ಪೈಲಟ್ ಒಬ್ಬನ ಜೊತೆ ಮರುಪರೀಕ್ಷೆ ಎಂದಾಯಿತು. ಅವರಿಗೆ ಅದು ಎರಡನೆಯ ನಪಾಸು.

ಮೆಟ್ಟಿಲಿನಲ್ಲಿ ಅವರ ತೋಳು ಹಿಡಿದುಕೊಂಡು, ಯಾಕಣ್ಣಾ ಹೀಗೆ ಮಾಡಿದಿರಿ ಎಂದೆ. ಅವರು ತೋಳು ಬಿಡಿಸಿಕೊಳ್ಳಲಿಲ್ಲ.

“ಕೈ ನಂದೇ ಅಲ್ವಾ? ಹೇಗಿದ್ರೂ ನಾನು ಹೋಗೋನೇ. ನಿನ್ನನ್ನೂ ಕಟ್ಟಿಕೊಂಡು ಯಾಕೆ ಮುಳುಗ್ಲಿ ತಮ್ಮಾ.”

ಅವರ ಲೆಕ್ಕ ಪೂರ್ತಿ ಸರಿಯಿರಲಿಲ್ಲ. ನಾನು ನಿಜ ಹೇಳಿದ್ದರೆ ತಪ್ಪಿನಲ್ಲಿ ಅರ್ಧ ನನ್ನದಾಗುತ್ತಿತ್ತು, ಅವರಿಗೂ ಇನ್ನೊಂದು ಅವಕಾಶ ಸಿಗುವ ಸಾಧ್ಯತೆ ಇತ್ತು. ಅದು ನನಗೆ ಆ ಮೆಟ್ಟಿಲಿನಲ್ಲೇ ಹೊಳೆಯಿತು. ಮೇಲೆ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಪರೀಕ್ಷಕರು ಇನ್ನೂ ಕೂತಿದ್ದರು. ನಾನು ಕೆಳಗೆ ಇಳಿದೆ.

ಹನ್ನೊಂದು ತಿಂಗಳ ಮೇಲೆ ರಜೆಯಲ್ಲಿ ಕೈರೋಗೆ ಹೋದಾಗ ಫೈಸಲ್ ಬೀದಿಯ ಆ ಮನೆ ಹುಡುಕಿದೆ. ಎಲ್ಲವನ್ನೂ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಬಿಕಿರಣ್ಣ ಸುಡಾನಿನವರ ಒಂದು ಹೋಟೆಲಿನಲ್ಲಿ ಅವರೆಕಾಳು ಬೇಯಿಸುವ ಕೆಲಸ ಹಿಡಿದಿದ್ದರು, ಅವತ್ತು ಮನೆಯಲ್ಲೇ ಸಿಕ್ಕರು. ಅಂಗೈ ಮೇಲೆ ಸುಟ್ಟ ಕಲೆ. ರೌದಾ ಹೊಲಿಗೆ ಕಾರ್ಖಾನೆಗೆ ಹೋಗಿದ್ದಳು, ಶಾಲೆಯ ಮಾತು ಯಾರೂ ಎತ್ತಲಿಲ್ಲ. ಇಖ್ಲಾಸ್ ಅತ್ತಿಗೆ ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ ತಂದಿಟ್ಟರು. ನನ್ನನ್ನು ಕೂರಿಸಿ ಕುಶಲ ಕೇಳಿದರು, ಅಲ್ಲಿ ಅವರಿಗೆ ನೀನೇ ಆಸರೆಯಾಗಿದ್ದೆಯಂತೆ ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. ಆ ಮಾತು ಆ ಮನೆಯಲ್ಲಿ ಎಷ್ಟು ಸಲ ಆಗಿತ್ತೋ, ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

“ಈ ಹುಡುಗ ಪಕ್ಕದಲ್ಲೇ ಕೂತು, ನೋಡಿ, ಸರಿ ಅಂತ ಹೇಳಿದ್ದ. ಅವನು ತೋರಿಸಿದ್ದನ್ನೇ ಎಳೆಯೋಕೆ ನಿಮಗೆ ಏನಾಗಿತ್ತು? ಮಕ್ಕಳ ಬಾಳನ್ನೆಲ್ಲ ಆ ಕೈಯಿಂದಲೇ ಎಳೆದು ಹಾಕಿದ್ರಲ್ಲ.”

“ಆಗೋಯ್ತು ಬಿಡೇ,” ಎಂದು ಬಾಬಿಕಿರಣ್ಣ ನಕ್ಕು, ಉಂಡೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನನ್ನ ಮುಖ ನೋಡಲಿಲ್ಲ.

ಅತ್ತಿಗೆ ನನ್ನನ್ನು ಸಾಕ್ಷಿಗೆ ಕರೆದರು. “ನೀನೇ ಹೇಳಪ್ಪಾ, ಸುಳ್ಳಾ ನಾನು ಹೇಳಿದ್ದು?”

ನಾನು ಒಂದು ಉಂಡೆ ತೆಗೆದುಕೊಂಡು, ತುಂಬಾ ಚೆನ್ನಾಗಿದೆ ಅತ್ತಿಗೆ ಎಂದೆ.