ಒಡ್ಡಿನ ತಿರುವಿನ ಕಲ್ಲುಗಳು

ತಲೆಗೆ ಹೆಲ್ಮೆಟ್, ಕಣ್ಣಿಗೆ ಬಣ್ಣದ ಕನ್ನಡಕ, ಮೊಣಕಾಲಿಗೆ ಚಿಪ್ಪು ಕಟ್ಟಿಕೊಂಡು ಗುಡ್ಡ ಇಳಿಯುವ ಸೈಕಲ್ ಸವಾರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ನಾನು ಅವರನ್ನು ಕ್ಷಮಿಸಿದೆ ಎಂಬ ಕತೆ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ನಮ್ಮ ಹೊಲ ಗಂಗಾವತಿ ಕಡೆಯ ಒಂದು ಬಂಡೆಗುಡ್ಡದ ಬುಡದಲ್ಲಿದೆ. ಕಾಲುವೆ ನೀರು ಹತ್ತುವುದಿಲ್ಲ. ಮಳೆ ನಂಬಿ ಶೇಂಗಾ, ತೊಗರಿ ಹಾಕುತ್ತೇವೆ. ನನ್ನ ಗಂಡ ಒಕ್ಕಲುತನ ಮಾಡುತ್ತಾರೆ, ನಾನು ಪಕ್ಕದ ಊರಿನ ಶಾಲೆಯಲ್ಲಿ ಕಲಿಸುತ್ತೇನೆ. ರವಿವಾರ ನಾನೂ ಹೊಲಕ್ಕೆ ಹೋಗುತ್ತೇನೆ. ಆ ಸೈಕಲ್ಲಿನವರಿಗೂ ರವಿವಾರವೇ ಬಿಡುವು, ಏನು ಮಾಡುವುದು.

ಅವರು ಮೊದಲ ಸಲ ಬಂದಾಗ ನಾನು ಶೇಂಗಾ ಬಳ್ಳಿ ಹರಿಯುತ್ತಿದ್ದೆ. ಗುಡ್ಡದ ಮೇಲಿಂದ ಕೂಗುತ್ತ, ಕೇಕೆ ಹಾಕುತ್ತ ಐದಾರು ಸೈಕಲ್ಲುಗಳು ಉರುಳಿ ಬಂದವು. ನಮ್ಮ ಒಡ್ಡು ಹತ್ತಿ, ತೊಗರಿ ಸಾಲಿನ ನಡುವೆ ನುಗ್ಗಿ, ಆಚೆ ಗಾಡಿದಾರಿಗೆ ಬಿದ್ದವು. ಕೊನೆಯವನು ಕೈ ಎತ್ತಿ, “ಹಾಯ್ ಆಂಟಿ!” ಎಂದ. ಅವನ ಹಿಂದೆ ತೊಗರಿ ಗಿಡಗಳು ನೆಲಕ್ಕೆ ಮಲಗಿದ್ದವು. ನಾನು ಬಾಯಿಗೆ ಬಂದದ್ದು ಬೈದೆ. ಶಾಲೆಯಲ್ಲಿ ಅಂಥ ಮಾತನ್ನು ಮಕ್ಕಳು ಆಡಿದ್ದರೆ ಕಿವಿ ಹಿಂಡುತ್ತಿದ್ದೆ.

ಮುಂದಿನ ವಾರ ದಾರಿಗೆ ಅಡ್ಡ ನಿಂತೆ. “ಯಾರನ್ನ ಕೇಳಿ ಬಂದೀರಿ?”

ಒಬ್ಬ ಮೊಬೈಲು ತೆಗೆದು ತೋರಿಸಿದ. ಪರದೆಯ ಮೇಲೆ ನಮ್ಮ ಗುಡ್ಡ, ಗುಡ್ಡದಿಂದ ನಮ್ಮ ಹೊಲದೊಳಗೆ ಇಳಿಯುವ ಒಂದು ಕೆಂಪು ಗೆರೆ. “ಮ್ಯಾಪಲ್ಲಿ ಟ್ರೇಲ್ ಇದೆ ಮೇಡಂ. ಎಲ್ಲರೂ ಇದೇ ದಾರೀಲಿ ಬರ್ತಾರೆ.”

“ಗೆರಿ ಎಳದಾಂವ ನಮ್ಮ ಮನಿಯಾಂವ ಅಲ್ರಿ. ಇದು ದಾರಿ ಅಲ್ಲ, ಹೊಲ.”

“ನಾವೇನೂ ತಗೊಂಡು ಹೋಗ್ತಿಲ್ಲವಲ್ಲ ಮೇಡಂ, ಬರೀ ಹಾದು ಹೋಗ್ತೀವಿ.”

ಗುಡ್ಡದ ಮೇಲ್ಭಾಗ ಅರಣ್ಯ ಇಲಾಖೆಯದು. ಊರಿನ ಹೆಂಗಸರು ಒಂದು ಹೊರೆ ಕಟ್ಟಿಗೆ ತಂದರೆ ಗಾರ್ಡು ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತಾನೆ. ಇವರು ಅಲ್ಲಿಯೂ ಪರವಾನಗಿ ಕೇಳಿರಲಿಲ್ಲ, ಇಲ್ಲಿಯೂ ಕೇಳಲಿಲ್ಲ. ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬಂದವರಿಗೆ ಗುಡ್ಡವೆಲ್ಲ ಅಪ್ಪನ ಮನೆ ಅಂಗಳ.

ನಾನು ಜಾಲಿಮುಳ್ಳು ಕಡಿಸಿ ಒಡ್ಡಿನ ಮೇಲೆ ಹಾಕಿಸಿದೆ. ಒಬ್ಬನ ಟೈರು ತೂತಾಯಿತು. ಅವನು ಬಂದು ನನಗೇ ದೂರು ಹೇಳಿದ. ಆವತ್ತು ಹೊಟ್ಟೆ ತುಂಬ ನಕ್ಕೆ. ಮುಂದಿನ ರವಿವಾರ ಹೋದಾಗ ಮುಳ್ಳನ್ನು ಅಚ್ಚುಕಟ್ಟಾಗಿ ಬದಿಗೆ ಸರಿಸಿಟ್ಟಿದ್ದರು. ನನ್ನ ಗಂಡ ಮಾತ್ರ ಎಲ್ಲದಕ್ಕೂ, “ಹೋಗ್ಲಿ ಬಿಡ, ಹುಡುಗ್ರು ಅದಾವ” ಎನ್ನುತ್ತಿದ್ದರು. ಅವರ ಈ ಶಾಂತ ಸ್ವಭಾವ ಕಂಡರೂ ನನಗೆ ಉರಿಯುತ್ತಿತ್ತು.

ನನ್ನ ಸಿಟ್ಟಿಗೆ ತೊಗರಿ ಒಂದೇ ಕಾರಣವಾಗಿರಲಿಲ್ಲ.

ನಮ್ಮ ಮನೆತನದಲ್ಲಿ ಹಲ್ಲು ಮೂಡದ ಕೂಸು ತೀರಿಕೊಂಡರೆ ಊರ ಮಸಣಕ್ಕೆ ಒಯ್ಯುವುದಿಲ್ಲ. ಗಂಡಸರು ಹೊಲದ ಅಂಚಿನಲ್ಲಿ ಹುಗಿದು, ನರಿ ತೋಳ ಕೆದರದಿರಲೆಂದು ಮೇಲೆ ಮುಳ್ಳು ಹಾಕಿ, ಮುಳ್ಳಿನ ಮೇಲೆ ಕಲ್ಲು ಹೇರಿ ಬರುತ್ತಾರೆ. ಗುರುತಿಲ್ಲ, ಪೂಜೆಯಿಲ್ಲ. ತಾಯಿಯನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಎಲ್ಲಿ ಎಂದು ಹೇಳುವುದೂ ಇಲ್ಲ. ಹೇಳಿದರೆ ತಾಯಿಯ ಜೀವ ಅಲ್ಲಿಯೇ ಸುತ್ತುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬ ಅಂಜಿಕೆ.

ನನ್ನ ಮೊದಲ ಮಗಳು ಹೆಸರಿಡುವ ಮೊದಲೇ ಹೋದಳು. ಗಂಡ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊಲದ ಕಡೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ತಿರುಗಿ ಬಂದಾಗ ಕೇಳಲು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಯ ಮೇಲೆ ಕೈಯಿಟ್ಟರು. “ಕೇಳಬ್ಯಾಡವ್ವ. ನಾವು ಕೇಳೂದಿಲ್ಲ.”

ಆಮೇಲೆ ಎರಡು ಮಕ್ಕಳಾದವು, ಬೆಳೆದವು. ಅತ್ತೆ ತೀರಿಕೊಂಡರು. ನಾನು ಕೇಳಲಿಲ್ಲ, ಗಂಡ ಹೇಳಲಿಲ್ಲ. ಆದರೆ ಆ ಜಾಗವನ್ನು ನಾನೇ ಹುಡುಕಿಕೊಂಡಿದ್ದೆ. ಹೊಲದಲ್ಲಿ ಬೇವಿನ ಗಿಡದ ಬುಡಕ್ಕೆ ಒಂದು ಸಣ್ಣ ಕಲ್ಲುಗುಂಪೆ ಇತ್ತು. ರಂಟೆ ಹೊಡೆಯುವಾಗ ಗಂಡ ಎತ್ತುಗಳನ್ನು ಅದರಿಂದ ದೂರ ಬಳಸಿ ಹೊರಳಿಸುತ್ತಿದ್ದರು. ಮಗಳು ಅಲ್ಲಿಯೇ ಇದ್ದಾಳೆಂದು ನಂಬಲು ನನಗೆ ಅಷ್ಟು ಸಾಕಾಯಿತು. ಹೋದಾಗಲೆಲ್ಲ ಯಾರೂ ನೋಡದಂತೆ ಒಂದು ಕಲ್ಲು ತಂದು ಅದರ ಮೇಲಿಡುತ್ತಿದ್ದೆ. ಮೊಣಕಾಲೆತ್ತರ ಬೆಳೆದಿತ್ತು ಆ ಗುಂಪೆ. ಸೈಕಲ್ಲುಗಳು ಬೇವಿನ ಗಿಡದ ಪಕ್ಕದಲ್ಲೇ ಹಾಯುತ್ತಿದ್ದವು. ಪ್ರತಿ ವಾರ ನನ್ನ ಜೀವ ಕೈಯಲ್ಲಿರುತ್ತಿತ್ತು.

ತೊಗರಿ ಕೊಯ್ಲು ಮುಗಿದ ಮೇಲಿನ ಒಂದು ರವಿವಾರ ಗಂಡ ಹೆಂಡತಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋದೆವು. ದೂರದಿಂದಲೇ ಬಣ್ಣ ಬಣ್ಣದ ಹೆಲ್ಮೆಟ್ಟುಗಳು ಕಂಡವು. ನಾನು ಮೊದಲು ಬೇವಿನ ಗಿಡದ ಕಡೆ ನೋಡಿದೆ. ಗುಂಪೆ ಇದ್ದಂತೆಯೇ ಇತ್ತು. ಅಬ್ಬಾ ಎಂದು ಉಸಿರು ಬಿಟ್ಟೆ.

ಅವರು ಇದ್ದದ್ದು ಒಡ್ಡಿನ ತಿರುವಿನಲ್ಲಿ. ಅಲ್ಲಿಯೂ ಒಂದು ದೊಡ್ಡ ಕಲ್ಲುಗುಂಪೆ ಇತ್ತು. ಹೊಲದಲ್ಲಿ ಆರಿಸಿ ಹಾಕಿದ ಕಲ್ಲು ಎಂದೇ ನನ್ನ ಲೆಕ್ಕ. ಅದನ್ನು ಪೂರ್ತಿ ಕಿತ್ತು, ನಾಲ್ಕು ಹೆಜ್ಜೆ ಆಚೆ ಕಲ್ಲು ಪೇರಿಸಿ, ಮೇಲೆ ಹಲಗೆಯಿಟ್ಟು ಜಿಗಿಯಲು ಇಳಿಜಾರು ಮಾಡಿಕೊಂಡಿದ್ದರು. ಒಬ್ಬೊಬ್ಬರಾಗಿ ಸೈಕಲ್ ಓಡಿಸಿಕೊಂಡು ಬಂದು, ಹಲಗೆಯಿಂದ ಹಾರಿ, ಗುಂಪೆಯಿದ್ದ ಜಾಗಕ್ಕೇ ಧೊಪ್ಪೆಂದು ಬೀಳುತ್ತಿದ್ದರು. ಒಬ್ಬ ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿದ್ದ. ನಾನು ಬೈಗುಳ ಹೊಂದಿಸಿಕೊಳ್ಳುತ್ತ ಹೆಜ್ಜೆ ಜೋರು ಮಾಡಿದೆ.

ಅಷ್ಟರಲ್ಲಿ ಬುತ್ತಿ ನೆಲಕ್ಕೆ ಬಿತ್ತು. ನನ್ನ ಗಂಡ ಓಡುತ್ತಿದ್ದರು. ಆ ಮನುಷ್ಯ ಓಡಿದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ.

“ತಗೀರಿ! ತಗೀರೋ ಅಲ್ಲಿಂದ!” ಎಂದು ಚೀರುತ್ತ ಹೋಗಿ ಆ ಬರಿನೆಲದ ಮೇಲೆ ಎರಡೂ ಕೈ ಚಾಚಿ ಬೋರಲು ಬಿದ್ದರು. ಹಾರಲು ಬರುತ್ತಿದ್ದವನು ಬ್ರೇಕು ಒತ್ತಿ ಪಕ್ಕಕ್ಕೆ ಉರುಳಿದ. “ನನ್ನ ಮಗಳದಾಳ ಇಲ್ಲಿ! ನನ್ನ ಮಗಳದಾಳೋ!”

ನಾನು ನಿಂತಲ್ಲೇ ನಿಂತೆ. ಒಮ್ಮೆ ಬೇವಿನ ಗಿಡ ನೋಡಿದೆ, ಒಮ್ಮೆ ನನ್ನ ಗಂಡನ ಬೆನ್ನು ನೋಡಿದೆ.

ಅವರೆಲ್ಲ ಹೆಲ್ಮೆಟ್ ತೆಗೆದರು. ಚಿತ್ರ ತೆಗೆಯುತ್ತಿದ್ದವನು ನನ್ನ ಹತ್ತಿರ ಬಂದು, “ಸಾರಿ ಮೇಡಂ. ಬರೀ ಕಲ್ಲು ಅಂದ್ಕೊಂಡ್ವಿ. ಒಂದು ಬೋರ್ಡಾದ್ರೂ ಹಾಕಬೇಕಿತ್ತು ನೀವು” ಎಂದ.

ಅವನ ಕೆನ್ನೆಗೆ ಬಾರಿಸಿದೆ. ಕೈ ಚುರುಗುಟ್ಟಿತು. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ‘ಬರೀ ಕಲ್ಲು’ ಎಂದದ್ದು ಎದೆಗೆ ಚುಚ್ಚಿತ್ತು. ಅದೇ ಕಲ್ಲುಗಳ ಮೇಲೆ ಕುಳಿತು ನಾನು ಎಷ್ಟು ರವಿವಾರ ರೊಟ್ಟಿ ತಿಂದಿದ್ದೆ. ಬೇವಿನ ಗಿಡದ ಕಡೆ ಮುಖ ಮಾಡಿ, ಮಗಳನ್ನು ನೆನೆಯುತ್ತ. ಗಂಡ ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ.

ಒಬ್ಬ ಬಗ್ಗಿ ಕಲ್ಲು ಎತ್ತಲು ಹೋದ, ತಿರುಗಿ ಇಡಲೆಂದು. “ಮುಟ್ಟಬ್ಯಾಡ್ರಿ. ನಿಮ್ಮ ಸೈಕಲ್ ಹೆಗಲ ಮ್ಯಾಲೆ ಹೊತಗೊಂಡು ನಡೀರಿ. ಒಂದು ಗಾಲಿ ಸೈತ ಈ ಮಣ್ಣಿಗೆ ಹತ್ತಬಾರದು” ಎಂದೆ. ಹೊತ್ತುಕೊಂಡೇ ಹೋದರು.

ಇಬ್ಬರೂ ಸೇರಿ ಕಲ್ಲುಗಳನ್ನು ತಂದು ಪೇರಿಸಿದೆವು. ಮೊದಲು ಮುಳ್ಳು, ಆಮೇಲೆ ಕಲ್ಲು. ಅರ್ಧ ಆದಾಗ ಕೇಳಿದೆ, “ಬೇವಿನ ಗಿಡದ ಬುಡಕ್ಕ ಯಾರದಾರ?”

ಅವರು ಕೈಯಲ್ಲಿದ್ದ ಕಲ್ಲು ಇಟ್ಟು, ಮುಖ ಒರೆಸಿಕೊಂಡು ಹೇಳಿದರು, “ಅದು ನಮ್ಮವ್ವನ ಕೂಸು. ನನಗಿಂತ ಮೊದಲಿಂದು. ನಮ್ಮಪ್ಪ ತೋರ್ಸಿದ್ದ.”

“ಅತ್ತಿಯವ್ರಿಗೆ ಗೊತ್ತಿತ್ತ?”

“ಇಲ್ಲ. ಆಕಿಗೂ ಯಾರೂ ಹೇಳಿದ್ದಿಲ್ಲ.”

ನನ್ನ ಬಾಯಿ ಮುಚ್ಚಿದ ಆ ಕೈ ನೆನಪಾಯಿತು. ನಾನು ಹೊಲದಲ್ಲೇ ಕುಳಿತು ಜೋರಾಗಿ ಅತ್ತುಬಿಟ್ಟೆ. ಅಷ್ಟು ವರ್ಷ ಬೇರೆಯವರ ಕೂಸಿಗೆ ಕಲ್ಲು ಹೊತ್ತಿದ್ದೆ ಎಂದು ಅಲ್ಲ. ಅತ್ತೆಯ ಕೂಸಿಗೆ ನಾನಾದರೂ ಹೊತ್ತೆ, ನನ್ನದಕ್ಕೆ ನಾನು ಒಂದೂ ಹೊರಲಿಲ್ಲ ಎಂದು.

ಶಾಲೆಯ ಸಹೋದ್ಯೋಗಿಯೊಬ್ಬರು ಮೊನ್ನೆ, “ಒಂದು ಲೆಕ್ಕದಾಗ ಆ ಸೈಕಲ್ನವ್ರಿಂದ ಛಲೋ ಆತ್ರಿ, ಜಾಗ ಗೊತ್ತಾತಲ್ಲ” ಎಂದರು. ಅವರ ಜೊತೆ ಮಾತು ಬಿಟ್ಟಿದ್ದೇನೆ. ನನ್ನ ಮಗಳ ಮೇಲೆ ಹಾರಿದವರಿಂದ ನನಗೆ ಯಾವ ಉಪಕಾರವೂ ಬೇಡ.

ಮೊಬೈಲಿನ ಆ ಕೆಂಪು ಗೆರೆ ಇನ್ನೂ ಹಾಗೆಯೇ ಇದೆಯಂತೆ. ಹೊಸಬರು ಬರುತ್ತಲೇ ಇದ್ದಾರೆ. ರವಿವಾರ ನಾನು ಒಡ್ಡಿನ ತಿರುವಿನಲ್ಲಿ, ಗುಂಪೆಯ ಪಕ್ಕದ ನೆಲದ ಮೇಲೆ ಕುಡುಗೋಲು ಇಟ್ಟುಕೊಂಡು ಕುಳಿತಿರುತ್ತೇನೆ. ಯಾರಾದರೂ ಇಳಿದು ಬಂದು ದಾರಿ ಬಿಡಿ ಎಂದರೆ, ಮನೆಯಲ್ಲಿ ಒಮ್ಮೆಯೂ ಆಡಗೊಡದಿದ್ದ ಮಾತನ್ನು ಗುಡ್ಡಕ್ಕೆ ಕೇಳುವಂತೆ ಹೇಳುತ್ತೇನೆ. “ದಾರಿ ಇಲ್ಲ. ಇಲ್ಲಿ ನನ್ನ ಮಗಳದಾಳ.”